ಸೇಲಂ ವಿಮಾನ ನಿಲ್ದಾಣ: ಖರ್ಚು ಯಾರದು, ಹೊಣೆ ಯಾರದು?

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ಓಮಲೂರು ಎಂಬ ಪೇಟೆ ಸಿಗುತ್ತದೆ. ಅದರ ಸಮೀಪದ ಕಮಲಾಪುರದ ಹೊಲಗಳ ನಡುವೆ ಸುಮಾರು 136 ಎಕ್ರೆ ಜಾಗದಲ್ಲಿ ಒಂದು ವಿಮಾನ ನಿಲ್ದಾಣವಿದೆ. ಅದನ್ನು ತೆರೆದದ್ದು 1993ರಲ್ಲಿ. ಅಲ್ಲಿಂದೀಚೆಗೆ ಅಲ್ಲಿ ನಾಲ್ಕು ಸಲ ವಿಮಾನ ಸಂಚಾರ ಆರಂಭವಾಯಿತು; ಮೊದಲ ಮೂರು ಸಲ ಅದು ನಿಂತೂ ಹೋಯಿತು. ವಿಮಾನವಿಲ್ಲದ ವರ್ಷಗಳೇ ಅದರ ಆಯುಷ್ಯದಲ್ಲಿ ಹೆಚ್ಚು.

ಕಾಸರಗೋಡಿನ ಪತ್ರಿಕೆಗೆ ಸೇಲಂ ವಿಮಾನದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನಮಗೆ ಎರಡು ಕಾರಣಗಳಿವೆ. ಹಳೆಯ ಸೇಲಂ ಜಿಲ್ಲೆಯೆಂದರೆ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ನಾಡು. 1965ರಲ್ಲಿ ಅದರಿಂದ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ಇಂದಿಗೂ ಕನ್ನಡ ನಡೆಯುತ್ತದೆ. ಅವರ ಹೊಲಗಳ ಮೇಲೆ ಈಗ ಇನ್ನೊಂದು ದೊಡ್ಡ ವಿಮಾನ ನಿಲ್ದಾಣದ ನೆರಳು ಬಿದ್ದಿದೆ. ಎರಡನೆಯ ಕಾರಣ ನಮ್ಮ ಮನೆಯದೇ. ಉತ್ತರಕ್ಕೆ ಬಜಪೆ, ದಕ್ಷಿಣಕ್ಕೆ ಮಟ್ಟನ್ನೂರು, ನಡುವೆ ನಾವು. ಪೆರಿಯದಲ್ಲಿ ಒಂದು ಕಿರು ವಿಮಾನ ನಿಲ್ದಾಣವಾಗಬೇಕೆಂಬ ಮಾತು ವರ್ಷಗಳಿಂದ ಏಳುತ್ತಲೂ ಮಲಗುತ್ತಲೂ ಇದೆ. ಸಣ್ಣ ಊರಿನ ವಿಮಾನ ನಿಲ್ದಾಣಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಅದರ ಸುರಕ್ಷತೆಯನ್ನು ಯಾರು ನೋಡುತ್ತಾರೆ ಎಂಬುದನ್ನು ತಿಳಿಯಲು ಸೇಲಂಗಿಂತ ಒಳ್ಳೆಯ ಪಾಠ ನಮಗೆ ಕಾಣಲಿಲ್ಲ.

ಸೇಲಂ ಏನೂ ಬಡ ಊರಲ್ಲ. ಉಕ್ಕಿನ ಕಾರ್ಖಾನೆ ಇದೆ, ನೇಯ್ಗೆಯಿದೆ, ಸಾಬೂದಾಣಿಯ ವ್ಯಾಪಾರವಿದೆ, ಮಾವಿನ ಹಣ್ಣಂತೂ ಸರಿಯೇ ಸರಿ. ಇಂಥ ಊರಿಗೆ ವಿಮಾನ ಬೇಡವೇ ಎಂಬ ಅಲ್ಲಿನ ವ್ಯಾಪಾರಸ್ಥರ ಒತ್ತಾಯ ಸಹಜವೇ ಆಗಿತ್ತು. ಆದರೆ 1993ರಲ್ಲಿ ಎನ್.ಇ.ಪಿ.ಸಿ. ಕಂಪನಿ ಹಾರಿಸಿದ ವಿಮಾನ ಬೇಗನೇ ನಿಂತಿತು. ಜನ ಸಾಲದೆಂಬುದು ಕಾರಣ. ಆಮೇಲೆ ಹದಿನೈದು ವರ್ಷಕ್ಕೂ ಮೇಲ್ಪಟ್ಟು ರನ್‌ವೇ ಬಿಸಿಲು ಕಾಯಿಸಿತು. 2009ರ ನವೆಂಬರಿನಲ್ಲಿ ಕಿಂಗ್‌ಫಿಷರ್ ಕಂಪನಿ ಮದರಾಸಿಗೆ, ಅಂದರೆ ಚೆನ್ನೈಗೆ, ಸಂಚಾರ ತೊಡಗಿತು. ಅದೂ 2011ರಲ್ಲಿ ಕೈಬಿಟ್ಟಿತು. ಆ ಕಂಪನಿಯೇ 2012ರಲ್ಲಿ ನೆಲ ಕಚ್ಚಿದ್ದು ಎಲ್ಲರಿಗೂ ಗೊತ್ತಿದೆ. 2018ರ ಮಾರ್ಚಿನಲ್ಲಿ ‘ಉಡಾನ್’ ಯೋಜನೆಯಡಿ ಟ್ರೂಜೆಟ್ ಬಂತು. ಸೇಲಂ ಜಿಲ್ಲೆಯವರೇ ಆದ ಎಡಪ್ಪಾಡಿ ಪಳನಿಸ್ವಾಮಿ ಆಗ ಮುಖ್ಯಮಂತ್ರಿ, ಊರಿಗೆ ಹಬ್ಬವಾಯಿತು. 2021ರಲ್ಲಿ ಅದೂ ನಿಂತಿತು. 2023ರ ಅಕ್ಟೋಬರಿನಲ್ಲಿ ಅಲಯನ್ಸ್ ಏರ್ ಮತ್ತು ಇಂಡಿಗೋ ಬೆಂಗಳೂರು, ಕೊಚ್ಚಿ, ಹೈದರಾಬಾದ್, ಚೆನ್ನೈಗಳಿಗೆ ಸೇಲಂ ಅನ್ನು ಮತ್ತೆ ಜೋಡಿಸಿದವು.

ಇಷ್ಟೆಲ್ಲ ನಡೆಯುವಾಗ ಸೇಲಂ ನಗರಸಭೆ ಏನು ಮಾಡುತ್ತಿತ್ತು? ಏನೂ ಇಲ್ಲ. ನಿಲ್ದಾಣಕ್ಕೆ ಊರಿನ ಹೆಸರಿದೆಯೇ ಹೊರತು ಅದು ಊರಿನದಲ್ಲ. ನೆಲವೂ ಓಮಲೂರು ತಾಲೂಕಿನದು, ಪಟ್ಟಣದಿಂದ ಇಪ್ಪತ್ತು ಕಿಲೋಮೀಟರು ದೂರ. ನಡೆಸುವುದು ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ. ಲೈಸೆನ್ಸು ಕೊಡುವುದೂ ತಪಾಸಣೆ ಮಾಡುವುದೂ ದೆಹಲಿಯ ನಾಗರಿಕ ವಿಮಾನಯಾನ ಮಹಾ ನಿರ್ದೇಶಕರ ಕಚೇರಿ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಎಷ್ಟೋ ಸಣ್ಣ ಊರುಗಳಲ್ಲಿ ವಿಮಾನ ನಿಲ್ದಾಣವೆಂಬುದು ನಮ್ಮ ಬಸ್‌ಸ್ಟೇಂಡಿನಂತೆ, ಪುರಸಭೆಯ ಆಸ್ತಿ. ರನ್‌ವೇ ದುರಸ್ತಿಗೆ ಒಕ್ಕೂಟ ಸರಕಾರ ಖರ್ಚಿನ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಕೊಡುವುದುಂಟು. ಉಳಿದದ್ದನ್ನು ಸಂಸ್ಥಾನ ಮತ್ತು ಊರು ಹೊಂದಿಸಬೇಕು. ದುಡ್ಡು ಪಡೆದ ಮೇಲೆ ಸಾಮಾನ್ಯವಾಗಿ ಇಪ್ಪತ್ತು ವರ್ಷ ನಿಲ್ದಾಣವನ್ನು ಮುಚ್ಚುವಂತಿಲ್ಲ. ಹೀಗಾಗಿ ರನ್‌ವೇ ತುದಿಯ ಮರ ಕಡಿಯಬೇಕೇ, ಬೇಲಿ ಸರಿ ಮಾಡಬೇಕೇ, ಹ್ಯಾಂಗರಿನ ಬಾಡಿಗೆ ಏರಿಸಬೇಕೇ ಎಂಬ ಚರ್ಚೆ ಚರಂಡಿಯ ಚರ್ಚೆಯ ಜೊತೆಗೇ ಸಭೆಯ ಮುಂದೆ ಬರುತ್ತದೆ. ತೆರಿಗೆ ಕೊಡುವವ ಎದ್ದು ನಿಂತು ಕೇಳಬಹುದು.

ಸೇಲಂ ಪುರಸಭೆಗೆ ದೊಡ್ಡ ಪರಂಪರೆಯಿದೆ. ಹೊಸೂರು ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು 1917ರಿಂದ 1919ರ ತನಕ ಅದರ ಅಧ್ಯಕ್ಷರಾಗಿದ್ದರು. ಮುಂದೆ ದೇಶದ ಗವರ್ನರ್ ಜನರಲ್ ಆದವರು ಕುಳಿತಿದ್ದ ಕುರ್ಚಿಗೆ ಇಂದು ತನ್ನ ಊರಿನ ವಿಮಾನದ ಬಗ್ಗೆ ಒಂದು ಪ್ರಶ್ನೆ ಕೇಳುವ ಅಧಿಕಾರವೂ ಇಲ್ಲವೆಂದರೆ ವಿಚಿತ್ರವಲ್ಲವೇ? ಸಂಸದರ ಅಧ್ಯಕ್ಷತೆಯ ಸಲಹಾ ಸಮಿತಿಯೊಂದು ಇರುತ್ತದೆ, ನಿಜ. ಆದರೆ ಅದು ಸಲಹೆಗಷ್ಟೇ.

ಇನ್ನು ದುಡ್ಡಿನ ಲೆಕ್ಕ. ‘ಉಡಾನ್’ ಯೋಜನೆಯ ಹೂರಣ ಇಷ್ಟು: ಸಣ್ಣ ಊರುಗಳ ದಾರಿಯಲ್ಲಿ ವಿಮಾನದ ಒಂದು ಪಾಲು ಆಸನಗಳನ್ನು ಕಡಿಮೆ ದರಕ್ಕೆ ಮಾರಬೇಕು, ಆರಂಭದಲ್ಲಿ ಒಂದು ಗಂಟೆಯ ಪಯಣಕ್ಕೆ ಸುಮಾರು 2,500 ರೂಪಾಯಿ ಎಂದು ಗೊತ್ತುಮಾಡಿದ್ದರು. ಇದರಿಂದ ಕಂಪನಿಗಾಗುವ ಕೊರತೆಯನ್ನು ಒಂದು ನಿಧಿಯಿಂದ ತುಂಬಿ ಕೊಡುತ್ತಾರೆ. ದೊಡ್ಡ ಮಾರ್ಗಗಳಲ್ಲಿ ಹಾರುವ ವಿಮಾನಗಳ ಮೇಲೆ ಹಾಕಿದ ಸುಂಕದಿಂದ ಆ ನಿಧಿ ಬೆಳೆಯುತ್ತದೆ. ಕೊರತೆಯಲ್ಲಿ ಕೇಂದ್ರದ ಪಾಲು ನೂರಕ್ಕೆ 80, ರಾಜ್ಯದ್ದು 20. ಇದಲ್ಲದೆ ರಾಜ್ಯ ಸರಕಾರ ಬೇಕಾದ ಜಾಗವನ್ನು ಪುಕ್ಕಟೆ ಕೊಡಬೇಕು, ಪೊಲೀಸು ಕಾವಲು ಮತ್ತು ಅಗ್ನಿಶಾಮಕ ಸೇವೆಯನ್ನು ಪುಕ್ಕಟೆ ಒದಗಿಸಬೇಕು, ನೀರು ವಿದ್ಯುತ್ತು ಅಗ್ಗದ ದರದಲ್ಲಿ ಕೊಡಬೇಕು, ವಿಮಾನದ ಇಂಧನದ ಮೇಲಿನ ತೆರಿಗೆಯನ್ನು ನೂರಕ್ಕೆ ಒಂದಕ್ಕೆ ಇಳಿಸಬೇಕು. ಈ ಸಹಾಯ ಮೂರು ವರ್ಷ. ಸೇಲಂಗೆ ಟ್ರೂಜೆಟ್ ಬಂದದ್ದು 2018ರಲ್ಲಿ, ನಿಂತದ್ದು 2021ರಲ್ಲಿ. ನಡುವೆ ಕೊರೊನಾ ಬಂದದ್ದೂ ಆ ಕಂಪನಿ ಸೊರಗಿದ್ದೂ ನಿಜ. ಆದರೂ ಅಜ್ಜಿಯ ಕೈ ಹಿಡಿದು ನಡೆದ ಮಗು ಕೈ ಬಿಟ್ಟೊಡನೆ ಕೂತುಬಿಟ್ಟಂತೆ ಕಾಣುವುದಿಲ್ಲವೇ?

ನಾವು ಈ ಸಹಾಯವನ್ನು ಆಕ್ಷೇಪಿಸುವವರಲ್ಲ. ಹಳ್ಳಿ ರೂಟಿನ ಸರಕಾರಿ ಬಸ್ಸೂ ನಷ್ಟದಲ್ಲೇ ಓಡುತ್ತದೆ. ನಮ್ಮ ಆಕ್ಷೇಪ ಬೇರೆ. ಟಿಕೇಟಿನ ದರ ಇಳಿಸಲು ಎಷ್ಟು ಕೊಟ್ಟರೆಂಬುದು ಪತ್ರಿಕೆಯಲ್ಲಿ ಬರುತ್ತದೆ. ಸುರಕ್ಷತೆಗೆ ಏನು ಬೇಕು, ಅದಕ್ಕೆ ಎಷ್ಟು ತಗಲುತ್ತದೆ, ಯಾರ ಕಿಸೆಯಿಂದ ಎಂಬುದು ಬರುವುದಿಲ್ಲ. ಹಾಗೆ ನೋಡಿದರೆ ಸಣ್ಣ ನಿಲ್ದಾಣದ ಸುರಕ್ಷತೆಯ ದೊಡ್ಡ ಪಾಲು ಬೀಳುವುದು ಅಧಿಕಾರವಿಲ್ಲದ ಆ ಸುತ್ತಲಿನ ಪಂಚಾಯತುಗಳ ಮತ್ತು ರೈತರ ಮೇಲೆಯೇ.

ಮೊದಲು ಕಸದ ವಿಚಾರ. 1937ರ ವಿಮಾನ ನಿಯಮಗಳಲ್ಲಿ 91ನೆಯ ನಿಯಮವೊಂದಿದೆ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರಿನ ಸುತ್ತಿನೊಳಗೆ ಹಕ್ಕಿಗಳನ್ನು ಆಕರ್ಷಿಸುವಂತೆ ಪ್ರಾಣಿಗಳನ್ನು ಕಡಿದು ಸುಲಿಯಬಾರದು, ಕಸ ಕೊಳಕು ಸುರಿಯಬಾರದು ಎಂದು ಅದು ಹೇಳುತ್ತದೆ. ನಮ್ಮ ಮೀನು ಮಾರುಕಟ್ಟೆಯ ಹಿಂದೆ ಕಾಗೆ ಗಿಡುಗಗಳ ಸಂತೆ ನೋಡಿದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಇಳಿಯುವ ಅಥವಾ ಏರುವ ವಿಮಾನದ ಎಂಜಿನಿಗೆ ಒಂದು ಗಿಡುಗ ನುಗ್ಗಿದರೂ ಸಾಕು, ಅನಾಹುತವಾಗಬಹುದು. ಕಮಲಾಪುರದ ಸುತ್ತ 10 ಕಿಲೋಮೀಟರಿನ ವೃತ್ತ ಎಳೆದರೆ ಓಮಲೂರು ಪೇಟೆ ಅದರೊಳಗೇ ಬರುತ್ತದೆ, ಹಲವು ಗ್ರಾಮ ಪಂಚಾಯತುಗಳೂ ಬರುತ್ತವೆ. ಕೋಳಿ ಅಂಗಡಿಯ ತ್ಯಾಜ್ಯ ಎಲ್ಲಿ ಹೋಗಬೇಕು, ಕಸದ ಗುಂಡಿ ಎಲ್ಲಿರಬೇಕು ಎಂದು ನಿರ್ಧರಿಸುವವರು ಅವರೇ. ಇದಕ್ಕೆಂದೇ ವಿಮಾನ ನಿಲ್ದಾಣಗಳಲ್ಲಿ ಪರಿಸರ ನಿರ್ವಹಣಾ ಸಮಿತಿಗಳಿರುತ್ತವೆ, ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳು ಅದರಲ್ಲಿರುತ್ತಾರೆ. ಆದರೆ ಕಸ ಸಾಗಿಸಲು ಇನ್ನೊಂದು ಲಾರಿ ಬೇಕೆಂದರೆ ಆ ಲಾರಿಯ ದುಡ್ಡು ಉಡಾನ್ ನಿಧಿಯಿಂದ ಬರುವುದಿಲ್ಲ.

ಕಟ್ಟಡಗಳ ವಿಚಾರವೂ ಹಾಗೆಯೇ. ನಿಲ್ದಾಣದ ಸುತ್ತ ಎಲ್ಲಿ ಎಷ್ಟು ಎತ್ತರಕ್ಕೆ ಕಟ್ಟಬಹುದೆಂದು ಬಣ್ಣ ಬಳಿದ ನಕ್ಷೆ ಮಾಡಿರುತ್ತಾರೆ. ಪರವಾನಗಿ ಕೊಡುವಾಗ ಅದನ್ನು ನೋಡಬೇಕಾದದ್ದು ಸ್ಥಳೀಯ ಸಂಸ್ಥೆ. ವಿಮಾನವೇ ಬಾರದ ಹತ್ತಾರು ವರ್ಷಗಳಲ್ಲಿ ನಕ್ಷೆಯನ್ನು ನೆನಪಿಡುವವರಾರು?

ಇನ್ನು ರನ್‌ವೇ. ಸೇಲಂನದು 1,806 ಮೀಟರು ಉದ್ದ, 30 ಮೀಟರು ಅಗಲ. ಎಪ್ಪತ್ತು ಚಿಲ್ಲರೆ ಆಸನಗಳ ಎ.ಟಿ.ಆರ್. ವಿಮಾನಕ್ಕೆ ಅದು ಸಾಕು. ಏರ್‌ಬಸ್ 320ರಂಥ ದೊಡ್ಡದು ಬರಬೇಕಾದರೆ 45 ಮೀಟರು ಅಗಲ ಬೇಕು, ಉದ್ದವೂ ಹೆಚ್ಚಬೇಕು. ಅದಕ್ಕಾಗಿ ವಿಸ್ತರಣೆಯ ಪ್ರಸ್ತಾಪ ಬಂತು: ಕಮಲಾಪುರ, ಪೊಟ್ಟಿಯಪುರ, ಸಿಕ್ಕನಂಪಟ್ಟಿ, ತುಂಬಿಪಾಡಿ ಈ ನಾಲ್ಕು ಊರುಗಳಲ್ಲಿ ಸುಮಾರು 570 ಎಕ್ರೆ. ಇದ್ದ ನಿಲ್ದಾಣದ ನಾಲ್ಕು ಪಾಲಿಗಿಂತ ಹೆಚ್ಚು! 2018ರಲ್ಲಿ ಅಲ್ಲಿನ ರೈತರು ಬೀದಿಗಿಳಿದರು. ಚೆನ್ನೈ–ಸೇಲಂ ಎಂಟು ಪಥದ ರಸ್ತೆಯ ವಿರುದ್ಧದ ಕೂಗೂ ಅದೇ ಹೊತ್ತಿಗೆ ಎದ್ದಿತ್ತು. ಮಕ್ಕಳ ಮದುವೆಗೆ, ಓದಿಗೆ ಆಧಾರವಾದ ಹೊಲವನ್ನು ಎರಡು ಸಲ ನಿಂತುಹೋದ ವಿಮಾನಕ್ಕೆ ಏಕೆ ಕೊಡಬೇಕೆಂದು ರೈತ ಕೇಳಿದರೆ ಅದನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗೆಂದು ಜಾಗದ ಪ್ರಶ್ನೆಯನ್ನು ಸುಮ್ಮನೆ ಬಿಡುವಂತೆಯೂ ಇಲ್ಲ. ಇದು ನಮ್ಮ ಜಿಲ್ಲೆಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿರಲಾರದು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಸತ್ತವರಲ್ಲಿ ನಮ್ಮ ಜಿಲ್ಲೆಯವರು ಅನೇಕರು. ತನಿಖೆ ನಡೆಸಿದ ನ್ಯಾಯಾಲಯ ಮುಖ್ಯ ಕಾರಣವನ್ನು ಸ್ಪಷ್ಟವಾಗಿ ಹೇಳಿತು: ಸರಿಯಾದ ಎತ್ತರದಲ್ಲೂ ವೇಗದಲ್ಲೂ ಇರದ ಇಳಿತವನ್ನು ಕ್ಯಾಪ್ಟನ್ ಕೈಬಿಟ್ಟು ಮೇಲಕ್ಕೇರಬೇಕಿತ್ತು, ಸಹ ಪೈಲಟ್ ಹೇಳಿದರೂ ಏರಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಆದರೆ ರನ್‌ವೇಯ ಆಚೆ ಏನಿತ್ತೆಂಬುದನ್ನೂ ಗಮನಿಸಬೇಕು. 90 ಮೀಟರಿನ ತುದಿ ಜಾಗ, ಅದರಾಚೆ ಎಂಟೆನಾ ಕೂರಿಸಿದ ಕಾಂಕ್ರೀಟು ಕಟ್ಟೆ, ಆಮೇಲೆ ಕಣಿವೆ. ರೆಕ್ಕೆ ಬಡಿದದ್ದು ಆ ಕಟ್ಟೆಗೆ.

ತುದಿ ಜಾಗ ಕನಿಷ್ಠ 90 ಮೀಟರು ಇರಲೇಬೇಕು, ಸಾಧ್ಯವಿದ್ದರೆ 240 ಮೀಟರು ಇರಲಿ ಎಂಬುದು ಅಂತರರಾಷ್ಟ್ರೀಯ ನಿಯಮ. ‘ಸಾಧ್ಯವಿದ್ದರೆ’ ಎಂಬ ಆ ಒಂದು ಮಾತಿನಲ್ಲೇ ಬೆಟ್ಟದ ಮೇಲಿನ ನಿಲ್ದಾಣಗಳ ಹಣೆಬರಹ ಇದೆ. ಬಜಪೆಯಲ್ಲೇ 1981ರಲ್ಲಿ ಒಂದು ಅವ್ರೋ ವಿಮಾನ ರನ್‌ವೇ ಮೀರಿತ್ತು, ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. 1997ರಲ್ಲಿ, ಹೊಸ ರನ್‌ವೇ ಕಟ್ಟುವ ಮೊದಲೇ, ಅಲ್ಲಿನ ಹಳ್ಳಿಗರ ವಿಸ್ತರಣಾ ವಿರೋಧಿ ಸಮಿತಿ ಸುರಕ್ಷತೆಯ ಅಳತೆಗಳಿಗೆ ಜಾಗ ಸಾಲದೆಂದು ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. ಅರ್ಜಿ ಬಿತ್ತು, ಸುಪ್ರೀಂ ಕೋರ್ಟೂ 2003ರಲ್ಲಿ ಅದನ್ನು ಎತ್ತಿಕೊಳ್ಳಲಿಲ್ಲ. 2006ರಲ್ಲಿ ರನ್‌ವೇ ತೆರೆಯಿತು. ಜಾಗ ಕಳೆದುಕೊಳ್ಳುವವನ ಬಾಯಲ್ಲಿ ಬಂದ ಮಾತೆಂದು ಸುರಕ್ಷತೆಯ ಮಾತನ್ನು ಅನುಮಾನದಿಂದ ಕಾಣುವುದು ನಮ್ಮ ಕಚೇರಿಗಳ ಅಭ್ಯಾಸ. ಹಳ್ಳಿಗನಿಗೆ ಇಳಿಜಾರು ಗೊತ್ತಿರುತ್ತದೆ, ಮಳೆನೀರು ಯಾವ ಕಡೆ ಹರಿಯುತ್ತದೆಂದು ಗೊತ್ತಿರುತ್ತದೆ. ಪೈಲಟ್ ತಪ್ಪು ಮಾಡಿದಾಗ ಆ ತಪ್ಪಿಗೆ ಎಷ್ಟು ಜೀವ ಬಲಿಯಾಗಬೇಕೆಂದು ನಿರ್ಧರಿಸುವುದು ಆ ಇಳಿಜಾರೇ. 2020ರ ಆಗಸ್ಟ್ 7ರಂದು ಕೋಝಿಕೋಡಿನ ಕರಿಪುರದಲ್ಲೂ ಹಾಗೆಯೇ ಆಯಿತು. 21 ಮಂದಿ ಸತ್ತರು.

ಬೆಂಕಿ ಗಾಡಿಯ ನಿಯಮವೂ ಹೀಗೆಯೇ ಕಟ್ಟುನಿಟ್ಟು. ವಿಮಾನದ ಉದ್ದಕ್ಕೆ ತಕ್ಕ ದರ್ಜೆಯ ಗಾಡಿ ಬೇಕು. ಕರೆ ಬಂದ ಮೂರು ನಿಮಿಷದೊಳಗೆ ಅದು ರನ್‌ವೇಯ ಯಾವ ಮೂಲೆಗೂ ಮುಟ್ಟಬೇಕು. ದಿನಕ್ಕೆ ಎರಡು ವಿಮಾನ ಬರಲಿ, ಇಪ್ಪತ್ತು ಬರಲಿ, ಗಾಡಿಯ ಖರ್ಚು ಅಷ್ಟೇ. ಸಣ್ಣ ನಿಲ್ದಾಣ ಬಡವಾಗುವುದು ಇಲ್ಲಿ. ವಿಮಾನ ನಿಂತ ವರ್ಷಗಳಲ್ಲಿ ಬೇಲಿ ಕಾಯುವುದು, ರನ್‌ವೇಯ ಬಿರುಕು ತುಂಬುವುದು ಎಲ್ಲವೂ ವರಮಾನವಿಲ್ಲದ ಖರ್ಚು. ಅದನ್ನು ಬೇರೆ ದೊಡ್ಡ ನಿಲ್ದಾಣಗಳ ಗಳಿಕೆಯಿಂದ ಪ್ರಾಧಿಕಾರ ಭರಿಸಬೇಕು. ಮಂಗಳೂರಿನಂಥ ಗಳಿಸುವ ನಿಲ್ದಾಣಗಳನ್ನು 2020ರಿಂದ ಒಂದೊಂದಾಗಿ ಖಾಸಗಿಯವರಿಗೆ ಒಪ್ಪಿಸುತ್ತಾ ಬಂದ ಮೇಲೆ ಸೇಲಂನಂಥವುಗಳ ಹೊರೆ ಹೊರಲು ಉಳಿಯುವ ಭುಜಗಳು ಎಷ್ಟು ಎಂದು ನಾವು ಕೇಳದೆ ಇರಲಾರೆವು.

ಈಗ ಹೊಸೂರಿನ ವಿಷಯಕ್ಕೆ ಬರೋಣ. ಅಲ್ಲಿ ಬೆಳಗೊಂಡಪಳ್ಳಿಯಲ್ಲಿ ತನೇಜಾ ಕಂಪನಿಯ ಖಾಸಗಿ ರನ್‌ವೇಯೊಂದು ಮೊದಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ‘ಹಂಸ’ ಎಂಬ ಪುಟ್ಟ ವಿಮಾನಗಳನ್ನು ಕಟ್ಟಿದ್ದು ಅಲ್ಲಿಯೇ. ಅದನ್ನು ಜನಸಂಚಾರಕ್ಕೆ ತೆರೆಯಬೇಕೆಂಬ ಆಸೆಗೆ ಒಂದು ಕಾಗದ ಅಡ್ಡ ಬಂತು. 2004ರಲ್ಲಿ ಕೇಂದ್ರವು ಬೆಂಗಳೂರಿನ ದೇವನಹಳ್ಳಿ ನಿಲ್ದಾಣದ ಕಂಪನಿಯೊಡನೆ ಮಾಡಿಕೊಂಡ ಕರಾರಿನಂತೆ, ಅದು ತೆರೆದ ದಿನದಿಂದ 25 ವರ್ಷ, ಅಂದರೆ 2033ರ ತನಕ, 150 ಕಿಲೋಮೀಟರಿನೊಳಗೆ ಮೈಸೂರು ಮತ್ತು ಹಾಸನ ಬಿಟ್ಟು ಬೇರೆ ಪೈಪೋಟಿಯ ನಿಲ್ದಾಣಕ್ಕೆ ತಡೆಯಿದೆ. ಸೇಲಂ ಆ ಗೆರೆಯಾಚೆ ಕೂದಲೆಳೆಯಷ್ಟು ಅಂತರದಲ್ಲಿ ಪಾರಾಗಿದೆ. ಹೊಸೂರು ಗೆರೆಯೊಳಗೆ ಆಳವಾಗಿ ಸಿಕ್ಕಿಕೊಂಡಿದೆ. ಇಷ್ಟಿದ್ದೂ 2024ರ ಜೂನ್ 27ರಂದು ಮುಖ್ಯಮಂತ್ರಿ ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕ್ರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗಾಗುವ ಅಂತರರಾಷ್ಟ್ರೀಯ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದರು. 2025ರಲ್ಲಿ ಬೇರಿಕೈ–ಬಾಗಲೂರು ನಡುವಣ ಜಾಗದ ಹೆಸರು ಮುಂದೆ ಬಂತು. ಹೊಸೂರಿನ ಮೇಲಣ ಆಕಾಶ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಹಾರಾಟಕ್ಕೂ ಸೇರಿದ್ದರಿಂದ ರಕ್ಷಣಾ ಇಲಾಖೆಯ ಒಪ್ಪಿಗೆಯೂ ಬೇಕು. ನೆಲದ ಮೇಲೆ ಕರಾರು, ಆಕಾಶದಲ್ಲಿ ಸೇನೆ!

ಬೇರಿಕೈ, ಬಾಗಲೂರು ಎಂದರೆ ಗಡಿಗೆ ತಾಗಿದ ಪ್ರದೇಶ. ಗುಲಾಬಿ, ಟೊಮೇಟೊ, ಕೋಸು ಬೆಳೆದು ಬೆಂಗಳೂರಿಗೆ ಕಳುಹಿಸುವ ಊರುಗಳು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ನಡೆಯುತ್ತವೆ. ಯೋಜನೆ ಆಗುತ್ತದೋ ಬಿಡುತ್ತದೋ, ಜಾಗದ ಮಾತು ಎದ್ದೊಡನೆ ಅಲ್ಲಿನ ಬೆಲೆಯೂ ಜನರ ನಿದ್ದೆಯೂ ಕೆಡುವುದು ನಿಶ್ಚಯ. ಅಲ್ಲಿಯ ಅಜ್ಜನ ಕೈಗೆ ಭೂಸ್ವಾಧೀನದ ನೋಟೀಸು ಬಂದರೆ ಅದು ಯಾವ ಭಾಷೆಯಲ್ಲಿರುತ್ತದೆ? ಮಲೆಯಾಳದ ನೋಟೀಸನ್ನು ಓದಿಸಲು ಪಕ್ಕದ ಮನೆಯ ಹುಡುಗನನ್ನು ಕರೆದ ಅನುಭವವಿರುವ ನಮ್ಮ ಓದುಗರಿಗೆ ಈ ಪ್ರಶ್ನೆ ಸಣ್ಣದಲ್ಲ. ಆಕ್ಷೇಪಣೆ ಸಲ್ಲಿಸಲು ಗಡುವಿರುತ್ತದೆ; ಓದಲಾಗದ ಕಾಗದದ ಮೇಲೂ ಗಡುವು ಓಡುತ್ತಲೇ ಇರುತ್ತದೆ. ರನ್‌ವೇಯ ತುದಿ ಯಾವ ಸರ್ವೆ ನಂಬ್ರದಲ್ಲಿ ಮುಗಿಯುತ್ತದೆ, ತುದಿ ಜಾಗ 90 ಮೀಟರೋ 240 ಮೀಟರೋ, ಉಳಿದ ಹೊಲದಲ್ಲಿ ಎಷ್ಟು ಎತ್ತರದ ಮನೆ ಕಟ್ಟಬಹುದು, ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕಾದವರು ಆ ಅವಧಿಯಲ್ಲೇ ಕೇಳಬೇಕು, ಪಂಚಾಯತಿನ ನಿರ್ಣಯವಾಗಿ ಬರವಣಿಗೆಯಲ್ಲಿ ಕೇಳಬೇಕು.

1961ರಲ್ಲಿ ನಡೆದ ಮುಖ್ಯಮಂತ್ರಿಗಳ ಸಮ್ಮೇಳನದ ತೀರ್ಮಾನವೊಂದು ಇನ್ನೂ ಇದೆ. ಯಾವುದೇ ತಾಲೂಕಿನಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ 15 ಅಥವಾ ಹೆಚ್ಚಿದ್ದರೆ ಮುಖ್ಯವಾದ ಸರಕಾರಿ ಪ್ರಕಟಣೆಗಳನ್ನು ಆ ಭಾಷೆಯಲ್ಲೂ ಹೊರಡಿಸಬೇಕೆಂದು ಅದು ಹೇಳುತ್ತದೆ. ಸಂವಿಧಾನದ 350ನೆಯ ವಿಧಿಯಂತೆ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದು. ಹೊಸೂರು ಕಡೆಯ ನಮ್ಮವರು ಕನ್ನಡದಲ್ಲೇ ಬರೆಯಲಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ಒಂದು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ, ಇನ್ನೊಂದು ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ. ಪ್ರತಿಯೊಂದಕ್ಕೂ ಅಂಚೆಯ ರಶೀದಿ ತೆಗೆದಿಟ್ಟುಕೊಳ್ಳಲಿ.